ಹತ್ತು ಸಾವಿರದ ಒಳಗಿನ ಏರ್ ರೈಫಲ್, ಕೆಲವು ಮಳೆಗಾಲ ಕಳೆದ ಮೇಲೆ: ಎಲ್ಲೆಲ್ಲಿ ಲೂಸ್ ಆಗ್ತದೆ, ಎಂತ ಮಾಡ್ಬೇಕು

ಕಂಪನಿ ಹೆಸರು ಹಾಕುದಿಲ್ಲ. ಈ ರೇಟಿಗೆ ಸಿಗುವ ಸ್ಪ್ರಿಂಗಿನ ಏರ್ ರೈಫಲ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ನಮೂನೆ, ಬ್ಯಾರಲ್ ಮಡಚಿ ಕಾಕ್ ಮಾಡುದು (ಅಂದ್ರೆ ಸ್ಪ್ರಿಂಗ್ ಒತ್ತಿ ಹೊಡೀಲಿಕ್ಕೆ ರೆಡಿ ಮಾಡುದು), .177 ಅಂದ್ರೆ 4.5 ಮಿಲಿಮೀಟರಿನ ಪೆಲೆಟ್ ಒಂದೊಂದೇ ಹಾಕುದು, ಮರದ ಸ್ಟಾಕ್ (ಗನ್ನನ್ನು ಕೂರಿಸುವ, ಭುಜಕ್ಕೆ ಒತ್ತಿ ಹಿಡಿಯುವ ಮರ), ಎದುರಿಗೆ ಎರಡು ಸ್ಕ್ರೂ, ಟ್ರಿಗರ್ ಗಾರ್ಡಿನ ಹತ್ರ ಒಂದೆರಡು. ಹಾಗಾಗಿ ನನ್ನದಕ್ಕೆ ಆದದ್ದು ನಿಮ್ಮದಕ್ಕೂ ಆಗುವ ಚಾನ್ಸ್ ತುಂಬ ಉಂಟು. ತಗೊಂಡದ್ದು 10 ಮೀಟರ್ ಟಾರ್ಗೆಟ್ ಪ್ರಾಕ್ಟೀಸಿಗೆ, ಮಂಗಳೂರಿನ ಮನೆಯ ಹಿಂದಿನ ಉದ್ದ ಶೆಡ್ಡಿನಲ್ಲಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 20 ಜೂಲ್ ಒಳಗಿನ, 4.5 ಮಿಲಿಮೀಟರ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 200 ಮೀಟರ್ ಸ್ಪೀಡಲ್ಲಿ ಹೋದ್ರೆ ಲೆಕ್ಕ ಬರುದು 10 ಜೂಲ್, ಪೇಪರ್ ಟಾರ್ಗೆಟಿಗೆ ಅಷ್ಟು ಧಾರಾಳ. ತೋಟಕ್ಕೆ ಬರುವ ನವಿಲು, ಮಂಗನಿಗೆ ಇದನ್ನು ಹಿಡಿಯುವ ಯೋಚನೆ ಇದ್ರೆ ದಯವಿಟ್ಟು ಬಿಡಿ, 1972ರ ವನ್ಯಜೀವಿ ಕಾಯ್ದೆ ಉಂಟು, ಅದಕ್ಕಿಂತ ಮೊದಲು ಆ ಪ್ರಾಣಿ ಗಾಯ ಆಗಿ ಎಲ್ಲಿಯೋ ಹೋಗಿ ನರಳಿ ಸಾಯ್ತದೆ.

ಈಗ ವಿಷಯ. ಹೊಸದರಲ್ಲಿ ಗನ್ ತುಂಬ ಚಂದ ಹೊಡೀತಿತ್ತು, 10 ಮೀಟರಿನಲ್ಲಿ ಐದು ಪೆಲೆಟ್ ಒಂದು ರೂಪಾಯಿ ನಾಣ್ಯದೊಳಗೆ ಆರಾಮ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಪೆಲೆಟ್, ಅದೇ ಕೈ, ಅದೇ ಬೆಳಕು, ಆದ್ರೆ ಒಂದು ಎಡಕ್ಕೆ ಒಂದು ಮೇಲೆ. ಇಂಥ ಹೊತ್ತಿಗೆ ಎಲ್ಲರೂ ಹೇಳುದು ಒಂದೇ, ಸ್ಪ್ರಿಂಗ್ ಹೋಗಿದೆ, ಒಳಗಿನ ವಾಶರ್ (ಗಾಳಿ ಸೋರದ ಹಾಗೆ ತಡೆಯುವ ಪಿಸ್ಟನ್ ಸೀಲ್) ಹೋಗಿದೆ, ಬಿಚ್ಚಿ ಬದಲು ಮಾಡಿ ಅಂತ. ನಾನು ಹೇಳುದು ಅದಕ್ಕೆ ಪೂರ್ತಿ ಉಲ್ಟಾ. ಹೊರಗಿನಿಂದ ಶುರು ಮಾಡಿ, ಒಳಗೆ ಹೋಗುದು ಕಟ್ಟಕಡೆಗೆ. ಈ ರೇಟಿನ ಗನ್ನಿನಲ್ಲಿ ಸವೆದು ಹಾಳಾಗುದಕ್ಕಿಂತ ಮೊದಲು ಸಡಿಲ ಆಗಿ ಹಾಳಾಗುದು ಜಾಸ್ತಿ, ಸಡಿಲ ಆದದ್ದನ್ನು ಸರಿ ಮಾಡ್ಲಿಕ್ಕೆ ದುಡ್ಡೇ ಬೇಡ ಅನ್ನುವಷ್ಟು ಕಮ್ಮಿ ಸಾಕು.

ಸಡಿಲ ಯಾಕೆ ಆಗ್ತದೆ ಅಂದ್ರೆ, ಸ್ಪ್ರಿಂಗ್ ಗನ್ನಿನ ಒದೆತ ಎರಡು ಕಡೆಗೆ. ಟ್ರಿಗರ್ ಒತ್ತಿದ ಕೂಡ್ಲೇ ಸ್ಪ್ರಿಂಗ್ ತಳ್ಳಿ ಪಿಸ್ಟನ್ ಮುಂದೆ ಓಡ್ತದೆ, ಗನ್ ಹಿಂದೆ ಬರ್ತದೆ, ಪಿಸ್ಟನ್ ಕೊನೆಗೆ ಹೋಗಿ ನಿಲ್ಲುವಾಗ ಗನ್ ಮುಂದಕ್ಕೆ ಎಳೀತದೆ, ಇಷ್ಟೆಲ್ಲ ಪೆಲೆಟ್ ಬ್ಯಾರಲ್ ಬಿಡುವ ಹೊತ್ತಿಗೆ. ಸ್ಕ್ರೂಗಳಿಗೆ ಪ್ರತಿ ಶಾಟಿಗೂ ಈ ಜಗ್ಗಾಟ. ಅದರ ಮೇಲೆ ನಮ್ಮ ಊರಿನ ಹವೆ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಮೇಲೆ ಮಳೆ ಬೀಳುವ ಜಾಗದಲ್ಲಿ ಮರದ ಸ್ಟಾಕ್ ಜೂನಿನಿಂದ ನೀರು ಕುಡಿದು ಉಬ್ಬುತ್ತದೆ, ಉಬ್ಬುವಾಗ ಸ್ಕ್ರೂ ತಲೆಯ ಅಡಿಯ ಮರ ಒತ್ತಿ ಜಜ್ಜಿ ಹೋಗ್ತದೆ, ದಸರಾ ಕಳೆದು ಮರ ಒಣಗಿ ಕುಗ್ಗಿದಾಗ ಅಲ್ಲಿ ಗ್ಯಾಪ್. ಬೆಂಗಳೂರಿನವರ ವಿಡಿಯೋ ನೋಡಿ ತಿಂಗಳಿಗೊಮ್ಮೆ ಟೈಟ್ ಮಾಡಿದ್ರೆ ಸಾಕು ಅಂತ ಕೂತ್ರೆ ಕರಾವಳಿಯಲ್ಲಿ ಆಗುದಿಲ್ಲ ಮಾರಾಯ್ರೆ. ಆಟಿಯಲ್ಲಿ, ಅಂದ್ರೆ ಜೋರು ಮಳೆಯ ಜುಲೈ-ಆಗಸ್ಟ್ ಹೊತ್ತಿಗೆ, ನಾನು ಹೊಡೆಯುವ ಮೊದಲು ಪ್ರತಿ ಸಲ ಸ್ಕ್ರೂಡ್ರೈವರ್ ಇಟ್ಟು ನೋಡ್ತೇನೆ.

ಆದ್ರೆ ಬರೀ ಟೈಟ್ ಮಾಡ್ತಾ ಹೋದ್ರೂ ಕಷ್ಟವೇ, ಮರ ಇನ್ನಷ್ಟು ಜಜ್ಜುತ್ತದೆ, ಆಮೇಲೆ ಸ್ಕ್ರೂ ಉದ್ದ ಜಾಸ್ತಿ ಆಗಿ ಒಳಗೆ ತಾಗ್ಲಿಕ್ಕೆ ಶುರು. ನನಗೆ ಇದನ್ನು ತೋರಿಸಿ ಕೊಟ್ಟದ್ದು ಯೆಯ್ಯಾಡಿ ಕಡೆಯ ಒಬ್ರು ಲೇತ್ ಕೆಲಸದವರು. ಸ್ಟಾಕ್ ಬಿಚ್ಚಿ ಕೈಯಲ್ಲಿ ಹಿಡಿದು, "ಎಂತ ಮಾರ್ರೆ, ಸ್ಕ್ರೂ ನೇರ ಮರದ ಮೇಲೆಯೇ ಕೂತಿದೆಯಲ್ಲ, ವಾಶರ್ ಬೇಡ್ವಾ ಇದಕ್ಕೆ?" ಅಂದ್ರು. ನಿಜ, ಕಂಪನಿಯವರು ಹಾಕಿಯೇ ಇರ್ಲಿಲ್ಲ. ಸ್ಕ್ರೂ ತಲೆಯ ಆಕಾರಕ್ಕೆ ಬಟ್ಟಲಿನ ಹಾಗೆ ಇರುವ ಹಿತ್ತಾಳೆ ವಾಶರ್ ಮಾಡಿ ಕೊಟ್ರು, ಒತ್ತಡ ಅಗಲಕ್ಕೆ ಹಂಚಿ ಹೋಯ್ತು, ಆ ಎರಡು ಸ್ಕ್ರೂಗಳ ತಲೆನೋವು ಅರ್ಧಕ್ಕರ್ಧ ಅಲ್ಲಿಗೆ ಮುಗೀತು. ಮೇಲಿಂದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಒಂದು ಚುಕ್ಕಿ. ನೀಲಿ ಬಣ್ಣದ್ದೇ ತಗೊಳ್ಳಿ, ಲಾಕ್‌ಟೈಟ್ 243 ಆದ್ರೆ ಸ್ವಲ್ಪ ಎಣ್ಣೆ ಪಸೆ ಇದ್ರೂ ಹಿಡೀತದೆ, ಕೆಂಪು ಬೇಡವೇ ಬೇಡ, ಅದನ್ನು ಬಿಸಿ ಮಾಡದೆ ಬಿಚ್ಚುದು ಕಷ್ಟ, ಮರದ ಸ್ಟಾಕ್ ಇಟ್ಕೊಂಡು ಬಿಸಿ ಮಾಡುದು ಹೇಗೆ?

ಎರಡನೆಯದು ಸೈಟ್. ಹಿಂದಿನ ಸೈಟಿನ ಎಲೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ, ಕಟಕಟ ಅಂದ್ರೆ ಗುರಿ ಎಲ್ಲಿಗೆ ಬೇಕಾದ್ರೂ ಹೋಗಬಹುದು. ಸ್ಕೋಪ್ ಹಾಕಿದವರು ಮೌಂಟ್ (ಸ್ಕೋಪನ್ನು ಗನ್ನಿಗೆ ಹಿಡಿಸುವ ಕ್ಲಾಂಪ್) ಹಿಂದಕ್ಕೆ ಜಾರಿದೆಯಾ ನೋಡ್ಬೇಕು, 11 ಮಿಲಿಮೀಟರ್ ರೈಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಟ್ರೆ ಕೂಡ್ಲೇ ಗೊತ್ತಾಗ್ತದೆ. ಜಾರ್ತಾ ಇದ್ರೆ ಸ್ಟಾಪ್ ಪಿನ್ ಇರುವ ಮೌಂಟ್ ಬೇಕು. ಸ್ಕೋಪ್ ತಗೊಳ್ಳುವಾಗ ಏರ್ ರೈಫಲಿಗೆ ಆಗ್ತದೆ ಅಂತ ಬರೆದದ್ದೇ ತಗೊಳ್ಳಿ, ಒಂದೇ ಕಡೆಯ ಒದೆತಕ್ಕೆ ಮಾಡಿದ ಸ್ಕೋಪುಗಳ ಒಳಗಿನ ಗಾಜು ಈ ಎರಡು ಕಡೆಯ ಜಗ್ಗಾಟದಲ್ಲಿ ಸಡಿಲ ಆಗ್ತದೆ, ಎಷ್ಟು ದುಬಾರಿ ಆದ್ರೂ.

ಇದೆಲ್ಲ ಸರಿ ಇದ್ದೂ ಗುರಿ ಅಡ್ಡಕ್ಕೆ ಹರಡ್ತಾ ಇದ್ರೆ ಬ್ಯಾರಲ್ ಮಡಚುವ ಜಾಯಿಂಟ್ ನೋಡಿ, ನನ್ನ ಲೆಕ್ಕದಲ್ಲಿ ಬಜೆಟ್ ಗನ್ನಿನ ಅಸಲಿ ಸಮಸ್ಯೆ ಇಲ್ಲಿಯೇ. ಪೆಲೆಟ್ ಇಲ್ಲ, ಕಾಕ್ ಮಾಡಿಲ್ಲ ಅಂತ ಎರಡು ಸಲ ನೋಡ್ಕೊಂಡು ಬ್ಯಾರಲ್ ಮುಚ್ಚಿದ ಹಾಗೆಯೇ ತುದಿ ಹಿಡಿದು ಎಡಬಲ ಜಗ್ಗಿ. ಚೂರೂ ಅಲ್ಲಾಡಬಾರದು. ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಲಾಟ ಇದ್ರೂ 10 ಮೀಟರ್ ದೂರಕ್ಕೆ ಹೋಗುವಾಗ ಅದು ದೊಡ್ಡದಾಗ್ತದೆ, ಮ್ಯಾಚ್ ಟಾರ್ಗೆಟಿನ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಮಾತ್ರ ಅನ್ನುದು ನೆನಪಿರ್ಲಿ. ಕೆಲವು ಮಾಡೆಲಿನಲ್ಲಿ ಅಲ್ಲಿ ಬೋಲ್ಟ್ ಇರ್ತದೆ, ಪಕ್ಕದಲ್ಲಿ ಅದನ್ನು ತಿರುಗದ ಹಾಗೆ ಹಿಡಿಯುವ ಚಿಕ್ಕ ಸ್ಕ್ರೂ, ಚಿಕ್ಕದನ್ನು ಸಡಿಲ ಮಾಡಿ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ರೆ ಆಯ್ತು, ಬ್ಯಾರಲ್ ಮಡಚಲಿಕ್ಕೆ ಕಷ್ಟ ಆಗುವಷ್ಟು ಬೇಡ. ನನ್ನದರಲ್ಲಿ ಇದ್ದದ್ದು ಬರೀ ಪಿನ್ನು, ಬಿಗಿ ಮಾಡ್ಲಿಕ್ಕೆ ದಾರಿಯೇ ಇಲ್ಲ. ಅದೇ ಲೇತಿನವರು ಎರಡೂ ಬದಿಗೆ ತೆಳು ಶಿಮ್ (ಗ್ಯಾಪ್ ತುಂಬುವ ತಗಡಿನ ಚೂರು) ಹಾಕಿ ಕೊಟ್ರು, ಅಲ್ಲಾಟ ನಿಂತಿತು. ಗನ್ ತಗೊಳ್ಳುವ ಮೊದಲು ಅಲ್ಲಿ ಪಿನ್ನಾ ಬೋಲ್ಟಾ ಅಂತ ಫೋಟೋ ಜೂಮ್ ಮಾಡಿ ನೋಡಿ, ನಾನಾದ್ರೆ ಇನ್ನೊಮ್ಮೆ ಪಿನ್ನಿನದ್ದು ತಗೊಳ್ಳುದಿಲ್ಲ, ಸಾವಿರ ರೂಪಾಯಿ ಜಾಸ್ತಿ ಆದ್ರೂ ಬೋಲ್ಟಿನದ್ದೇ.

ಗುರಿ ಕೆಳಗೆ ಇಳೀತಾ ಇದ್ರೆ, ಏಟು ದುರ್ಬಲ ಅನಿಸಿದ್ರೆ ಬ್ರೀಚಿನ (ಪೆಲೆಟ್ ಇಡುವ ಬ್ಯಾರಲಿನ ಹಿಂದಿನ ಬಾಯಿ) ಓ-ರಿಂಗ್, ಅಂದ್ರೆ ಗಾಳಿ ಸೋರದ ಹಾಗೆ ತಡೆಯುವ ರಬ್ಬರ್ ಬಳೆ, ಅದರ ಮೇಲೆ ಅನುಮಾನ ಪಡಿ. ಟಿಶ್ಯೂ ಪೇಪರಿನ ಒಂದು ಚೂರನ್ನು ಬ್ಯಾರಲ್ ಸೇರುವ ಗೆರೆಯ ಮೇಲೆ ಇಟ್ಟು, ಪೆಲೆಟ್ ಹಾಕಿ ಟಾರ್ಗೆಟಿಗೆ ಹೊಡೀರಿ, ಪೇಪರ್ ಹಾರಿದ್ರೆ ಗಾಳಿ ಅಲ್ಲಿ ಲೀಕ್. ಹಳೇ ರಿಂಗನ್ನೇ ಹಿಡ್ಕೊಂಡು ಬಂದರ್ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅದೇ ದಪ್ಪದ್ದು ಚಿಲ್ಲರೆ ದುಡ್ಡಿಗೆ ಸಿಗ್ತದೆ. ರಿಂಗ್ ಒಳ್ಳೇದೇ ಇದ್ದು ತಗ್ಗಿ ಕೂತಿದ್ರೆ ಅಡಿಗೆ ಕಾಗದದ ತೆಳು ವಾಶರ್ ಕತ್ತರಿಸಿ ಹಾಕಿ, ಲೋಹಕ್ಕಿಂತ ಒಂಚೂರು ಎದ್ದು ಕಾಣ್ಬೇಕು ಅಷ್ಟೇ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ, ಗನ್ ಕಾಕ್ ಆಗಿದ್ದಾಗ ಬ್ಯಾರಲಿನಿಂದ ಕೈ ಬಿಟ್ಟು ಬ್ರೀಚಿಗೆ ಬೆರಳು ಹಾಕಬೇಡಿ. ಕಡಿಮೆ ರೇಟಿನ ಹಲವು ಗನ್ನುಗಳಲ್ಲಿ ಬ್ಯಾರಲ್ ಮಡಚಿರುವಾಗ ಟ್ರಿಗರನ್ನು ತಡೆಯುವ ವ್ಯವಸ್ಥೆ ಇರುದಿಲ್ಲ, ಅದು ತಪ್ಪಿ ಒತ್ತಿ ಹೋದ್ರೆ ಬ್ಯಾರಲ್ ರಪ್ಪ ಮುಚ್ಚಿ ಬೆರಳು ಸಿಕ್ಕಿ ಹಾಕಿಕೊಳ್ತದೆ, ಪೆಲೆಟ್ ಇಡುವಾಗಲೂ ಇನ್ನೊಂದು ಕೈ ಬ್ಯಾರಲನ್ನು ಗಟ್ಟಿ ಹಿಡಿದೇ ಇರ್ಬೇಕು.

ಎಣ್ಣೆ ವಿಷಯ. ಮಳೆಗಾಲಕ್ಕೆ ತುಕ್ಕು ಹಿಡೀತದೆ ಅಂತ ಎಲ್ಲ ಕಡೆ ಎಣ್ಣೆ ಸುರಿಯುವವರು ಇದ್ದಾರೆ, ಹೊರಗಿನ ಲೋಹಕ್ಕೆ ಒರೆಸಿ, ಒಳ್ಳೇದೇ, ಸಮುದ್ರದ ಗಾಳಿಗೆ ಬೇಕೇ ಬೇಕು. ಗಾಳಿ ಒತ್ತುವ ಚೇಂಬರಿನ ಒಳಗೆ ಮಾತ್ರ ಸಾದಾ ಎಣ್ಣೆ ಹೋಗಬಾರದು. ಪಿಸ್ಟನ್ ಒತ್ತುವಾಗ ಗಾಳಿ ಎಷ್ಟು ಬಿಸಿ ಆಗ್ತದೆ ಅಂದ್ರೆ ಎಣ್ಣೆ ಅಲ್ಲೇ ಹೊತ್ತಿ ಉರೀತದೆ, ಪಟಾರ್ ಅಂತ ಶಬ್ದ, ಹೊಗೆ, ಪೆಲೆಟ್ ಜೋರು ಹೋದ ಹಾಗೆ ಕಾಣ್ತದೆ, ಸೀಲು ಸ್ಪ್ರಿಂಗು ಎರಡೂ ಹಾಳು. ಪೆಲೆಟ್ ಇಲ್ಲದೆ ಖಾಲಿ ಹೊಡೆಯುದೂ ಬೇಡ, ಪಿಸ್ಟನ್ನಿಗೆ ಎದುರು ಗಾಳಿಯ ತಡೆ ಸಿಗದೆ ನೇರ ಹೋಗಿ ಬಡೀತದೆ. ಕಾಕ್ ಮಾಡಿ ರಾತ್ರಿಯಿಡೀ ಇಟ್ರೆ ಸ್ಪ್ರಿಂಗ್ ಸುಸ್ತಾಗ್ತದೆ.

ಕೊನೆಗೆ ನನ್ನದರ ಪಿಸ್ಟನ್ ಸೀಲೂ ಹೋಯ್ತು, ಇಷ್ಟು ವರ್ಷಕ್ಕೆ ಅದು ತಪ್ಪಲ್ಲ. ತಪ್ಪು ಇರುದು ಸರ್ವಿಸಿನಲ್ಲಿ. ಕಂಪನಿಗೆ ಫೋನ್ ಮಾಡಿದ್ರೆ ಇವತ್ತು ನಾಳೆ ಅಂತ ಹೇಳ್ತಾ ಹೋದ್ರು, ಸೀಲ್ ಬರುವಷ್ಟರಲ್ಲಿ ಗನ್ ಕಪಾಟಿನಲ್ಲೇ ಇತ್ತು ತಿಂಗಳುಗಟ್ಟಲೆ. ಅದಕ್ಕೆ ಸ್ಟಾರ್ ಕಟ್ ಮಾಡಿಯೇ ಮಾಡ್ತೇನೆ. ಹೊಸದು ತಗೊಳ್ಳುವವರು ಗನ್ನಿನ ಜೊತೆಯೇ ಒಂದು ಸೀಲು, ಒಂದು ಸ್ಪ್ರಿಂಗು, ಎರಡು ಓ-ರಿಂಗ್ ಆರ್ಡರ್ ಮಾಡಿಡಿ. ಬದಲು ಮಾಡುವ ಕೆಲಸ ಸ್ಪ್ರಿಂಗ್ ಕಂಪ್ರೆಸರ್ ಇರುವವರ ಕೈಯಲ್ಲಿಯೇ ಮಾಡಿಸಿ, ಗನ್ ಕಾಕ್ ಮಾಡದೆ ಇದ್ದಾಗಲೂ ಸ್ಪ್ರಿಂಗ್ ಒಳಗೆ ಒತ್ತಿ ಕೂತಿರ್ತದೆ, ಪಿನ್ ಹೊಡೆದು ತೆಗೆದ ಕೂಡ್ಲೇ ಮುಖಕ್ಕೇ ಹಾರಬಹುದು.

ಟ್ರಿಗರ್ ಇವತ್ತಿಗೂ ಗರಗರ, ಎಳೆದಷ್ಟೂ ಉದ್ದ. ಅದನ್ನು ಉಜ್ಜಿ ನುಣ್ಣಗೆ ಮಾಡಿ ಕೊಡ್ತೇವೆ ಅಂದವರಿಗೆ ನಾನು ಕೊಡ್ಲಿಲ್ಲ, ಪಿಸ್ಟನ್ನನ್ನು ಹಿಡಿದಿಡುವ ಟ್ರಿಗರಿನ ಹಲ್ಲು ಹೆಚ್ಚು ಉಜ್ಜಿದ್ರೆ ಗನ್ ತನ್ನಷ್ಟಕ್ಕೇ ಹೊಡೀತದೆ, ಮಕ್ಕಳು ಓಡಾಡುವ ಮನೆಯಲ್ಲಿ ಅಂಥದ್ದು ಇಡ್ಲಿಕ್ಕೆ ಆಗುದಿಲ್ಲ. ಸ್ಪರ್ಧೆಗೆ ಹೋಗ್ಬೇಕು ಅಂತ ಇದ್ರೆ ಕ್ಲಬ್ಬಿಗೆ ಸೇರಿ ಅಲ್ಲಿನ ಮ್ಯಾಚ್ ರೈಫಲಲ್ಲಿ ಕಲೀರಿ, ಅವು ಲಕ್ಷಗಟ್ಟಲೆಯ ಐಟಂ, ಇದಕ್ಕೆ ಹೋಲಿಸ್ಲಿಕ್ಕೆ ಆಗುದಿಲ್ಲ. ಮನೆಯಲ್ಲಿ ಸಂಜೆ ಹೊತ್ತು ಪೇಪರಿಗೆ ಹೊಡೆದು ಕೈ ಕಣ್ಣು ಪಳಗಿಸ್ಲಿಕ್ಕೆ, ವಾರಕ್ಕೊಮ್ಮೆ ಸ್ಕ್ರೂಡ್ರೈವರ್ ಹಿಡಿಯುವ ತಾಳ್ಮೆ ಇರುವವರಿಗೆ ನಾಲ್ಕು ಸ್ಟಾರ್, ಸರ್ವಿಸ್ ಸೇರಿಸಿದ್ರೆ ಮೂರು. ಪೆಲೆಟ್ ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳ್ಕೊಳ್ಳಿ, ಸೀಸ ಅದು.