ಗದ್ದನಕೇರಿ ಕ್ರಾಸ್‌ವರೆಗೆ ಹಸಿವು ತಡೆಯುವ ಚಾಕಲೇಟ್ ಯಾವುದು?

ಬಾಗಲಕೋಟೆಯ ನವನಗರದಲ್ಲಿ ನನ್ನ ಮನೆ, ವಿಜಯಪುರದಲ್ಲಿ ಕಚೇರಿ. ಸಂಜೆ ಐದೂವರೆಗೆ ಬಸ್ಸು ಹತ್ತಿದರೆ ಮನೆ ಮುಟ್ಟುವಾಗ ಏಳೂವರೆ ದಾಟಿರುತ್ತದೆ. ಮಧ್ಯಾಹ್ನ ಒಂದಕ್ಕೆ ತಿಂದ ಎರಡು ರೊಟ್ಟಿ ಆ ಹೊತ್ತಿಗೆ ಹೊಟ್ಟೆಯಲ್ಲಿ ಹೆಸರಿಗೂ ಉಳಿದಿರುವುದಿಲ್ಲ. ಹೀಗಾಗಿ ನಿಲ್ದಾಣದ ಬಳಿ ಒಂದು ಚಾಕಲೇಟ್ ಕೊಂಡು ಚೀಲಕ್ಕೆ ಹಾಕಿಕೊಳ್ಳುವ ಚಟ ಹತ್ತಿತ್ತು. ಕಳೆದ ವರ್ಷದ ರಕ್ತಪರೀಕ್ಷೆಯಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಎಚ್‌ಬಿಎ1ಸಿ 6.0 ಎಂದು ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಂತೆ. ವೈದ್ಯರು ಚಾಕಲೇಟ್ ಬಿಡಿ ಎಂದರು. ಬಿಡುವುದೇ ಆದರೆ ಯಾವುದನ್ನು ಮೊದಲು ಬಿಡಬೇಕು ಎಂದಾದರೂ ತಿಳಿಯಲಿ ಎಂದುಕೊಂಡೆ. ವಾರಕ್ಕೊಂದು ಬಗೆ, ದಿನಕ್ಕೆ 40 ಗ್ರಾಂ. ತೂಕ ಮಾಡಿಕೊಟ್ಟದ್ದು ಚಿನ್ನಬೆಳ್ಳಿ ಅಂಗಡಿ ಇಟ್ಟಿರುವ ನನ್ನ ಮೈದುನ. ಅವನ ತಕ್ಕಡಿಗೆ ಚಾಕಲೇಟ್ ಮೆತ್ತಿಕೊಂಡ ದಿನದಿಂದ ನನ್ನನ್ನು ಅಂಗಡಿಯ ಮೆಟ್ಟಿಲು ಹತ್ತಿಸಿಲ್ಲ.

ಅಳತೆಗಳು ಎರಡು. ಹೊದಿಕೆಯ ಹಿಂದೆ ಅಚ್ಚಾದ ಪೋಷಕಾಂಶದ ಪಟ್ಟಿ ಒಂದು. ತಿಂದ ಮೇಲೆ ಯಾವ ಊರಿಗೆ ಬರುವಾಗ ಮತ್ತೆ ಹಸಿವಾಯಿತು ಎಂಬುದು ಇನ್ನೊಂದು. ದಾರಿಯಲ್ಲಿ ಮೊದಲು ಜುಮನಾಳ, ಆಮೇಲೆ ಕೊಲ್ಹಾರ, ಬೀಳಗಿ ಕ್ರಾಸ್, ಕೊನೆಗೆ ಮನೆಗೆ ಹತ್ತಿರದ ಗದ್ದನಕೇರಿ ಕ್ರಾಸ್. ಪಟ್ಟಿಯ ಅಂಕಿಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತವೆ, ಆದ್ದರಿಂದ ದುಂಡಾಗಿ ಬರೆಯುತ್ತಿದ್ದೇನೆ.

ಮೊದಲ ವಾರ ಎಂದಿನ ಹಾಲಿನ ಚಾಕಲೇಟ್. 100 ಗ್ರಾಂಗೆ ಸುಮಾರು 535 ಕ್ಯಾಲರಿ, 30 ಗ್ರಾಂ ಕೊಬ್ಬು, 50 ಗ್ರಾಂಗೂ ಮಿಕ್ಕಿ ಸಕ್ಕರೆ, ಏಳೆಂಟು ಗ್ರಾಂ ಪ್ರೋಟೀನ್. ಅಂದರೆ ನನ್ನ 40 ಗ್ರಾಂನಲ್ಲಿ 20 ಗ್ರಾಂ ಸಕ್ಕರೆ, ಚಹಾದ ಚಮಚದಲ್ಲಿ ಐದು ಚಮಚ. ಅದರಲ್ಲಿ ಒಂದು ಪಾಲು ಹಾಲಿನಲ್ಲೇ ಇರುವ ಸಕ್ಕರೆ, ಉಳಿದದ್ದೆಲ್ಲ ಸುರಿದದ್ದು. ಹಾಗೆ ಸುರಿದ ಸಕ್ಕರೆ ದಿನದ ಒಟ್ಟು ಕ್ಯಾಲರಿಯ ಶೇಕಡಾ 10ರೊಳಗೆ ಇರಲಿ, 5ರೊಳಗೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆ ಐದು ಎಂದರೆ ಸುಮಾರು 25 ಗ್ರಾಂ. ಅದರ ಬಹುಪಾಲನ್ನು ನಾನು ಬಸ್ಸು ಜುಮನಾಳ ದಾಟುವ ಮೊದಲೇ ಮುಗಿಸುತ್ತಿದ್ದೆ. ಬೆಳಗಿನ ಎರಡು ಕಪ್ ಚಹಾದ ಲೆಕ್ಕ ಬೇರೆ. ಕೊಲ್ಹಾರ ಬಂದಾಗ ಮತ್ತೆ ಹಸಿವು. ಅಲ್ಲಿ ಮಡಿಕೆಯ ಗಟ್ಟಿ ಮೊಸರು ಮಾರುವವರನ್ನು ಕಂಡರಂತೂ ಹಸಿವು ಇಮ್ಮಡಿ.

ಬಿಳಿ ಚಾಕಲೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಕೋಕೋದ ಕಪ್ಪು ತಿರುಳೇ ಇಲ್ಲ, ಇರುವುದು ಕೋಕೋ ಬೆಣ್ಣೆ, ಹಾಲಿನ ಪುಡಿ ಮತ್ತು 100 ಗ್ರಾಂಗೆ 59 ಗ್ರಾಂನಷ್ಟು ಸಕ್ಕರೆ. ಎರಡು ದಿನಕ್ಕೇ ಸಾಕೆನಿಸಿ ವಾರವನ್ನು ಅರ್ಧಕ್ಕೆ ಬಿಟ್ಟೆ.

ಮೂರನೆಯದು ಕಾಂಪೌಂಡ್. ಮನೆಯ ಸುತ್ತ ಕಟ್ಟುವ ಕಾಂಪೌಂಡ್ ಅಲ್ಲ, ಬೇಕರಿಯವರು ಕೇಕಿನ ಮೇಲೆ ಹೊಯ್ಯುವುದು. ಅಗ್ಗದ ಬಿಸ್ಕತ್ತು, ವೇಫರ್‌ಗಳ ಮೇಲಿನ ಕಂದು ಪದರವೂ ಹೆಚ್ಚಾಗಿ ಇದೇ. ದುಬಾರಿ ಕೋಕೋ ಬೆಣ್ಣೆಯ ಜಾಗದಲ್ಲಿ ತಾಳೆಯ ಬೀಜದ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು, ಜೊತೆಗೆ ಕೋಕೋ ಪುಡಿ. ಕ್ಯಾಲರಿಯಲ್ಲಿ ಹಾಲಿನ ಚಾಕಲೇಟಿಗೂ ಇದಕ್ಕೂ ದೊಡ್ಡ ಅಂತರ ಇಲ್ಲ. ಅಂತರ ಇರುವುದು ಕೊಬ್ಬಿನ ಜಾತಿಯಲ್ಲಿ. ಕೋಕೋ ಬೆಣ್ಣೆಯ ಮೂರರಲ್ಲಿ ಒಂದು ಪಾಲು ಸ್ಟಿಯರಿಕ್ ಆಮ್ಲ. ಅದು ಕೆಟ್ಟ ಕೊಲೆಸ್ಟರಾಲನ್ನು ಅಷ್ಟಾಗಿ ಏರಿಸುವುದಿಲ್ಲ. ತಾಳೆ ಬೀಜದ ಎಣ್ಣೆಯ ಬಹುಪಾಲು ಲಾರಿಕ್‌ನಂಥ ಆಮ್ಲಗಳು, ಅವು ಏರಿಸುತ್ತವೆ. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬಿಗೆ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಶೇಕಡಾ 2ರ ಮಿತಿ ಬಂದಿದೆ ಎಂಬುದು ಸಮಾಧಾನದ ಮಾತು.

ಒಂದು ವಿಷಯದಲ್ಲಿ ಮಾತ್ರ ಕಾಂಪೌಂಡ್ ಗೆದ್ದಿತು. ಅಸಲಿ ಕೋಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಬಾಯಿಗಿಟ್ಟೊಡನೆ ಕರಗುವ ಸುಖದ ಗುಟ್ಟು ಅದೇ. ಆದರೆ ವಿಜಯಪುರದ ಮಾರ್ಚ್ ತಿಂಗಳಿನಲ್ಲಿ ಬಾಯಿಯವರೆಗೆ ಬರಬೇಕಲ್ಲ! ಹಾಲಿನ ಚಾಕಲೇಟನ್ನು ನಾನು ಹೊದಿಕೆಯಿಂದ ನೆಕ್ಕಿದ ದಿನಗಳೂ ಇವೆ, ಪಕ್ಕದಲ್ಲಿ ಕುಳಿತವರು ಮುಖ ತಿರುಗಿಸಿದ್ದೂ ಇದೆ. ನಾನು ಕೊಂಡ ಕಾಂಪೌಂಡ್ ಚೀಲದಲ್ಲಿ ಅಲುಗಾಡದೆ ಕುಳಿತಿತ್ತು. ನಾಲಿಗೆಯ ಮೇಲೂ ಹಾಗೇ ಕುಳಿತಿತ್ತು, ಮೇಣದಂತೆ.

ನಾಲ್ಕನೆಯ ವಾರ ‘ಸಕ್ಕರೆರಹಿತ’ ಎಂದು ದೊಡ್ಡದಾಗಿ ಬರೆದದ್ದು. ಬೆಲೆ ಕೇಳಿಯೇ ಆರೋಗ್ಯ ಸುಧಾರಿಸಿದಂತೆ ಅನ್ನಿಸಿತು. ಸಕ್ಕರೆಯ ಬದಲು ಅದರಲ್ಲಿ ಮಾಲ್ಟಿಟಾಲ್ ಇತ್ತು. ಅದು ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಗ್ರಾಂಗೆ ಎರಡು ಕ್ಯಾಲರಿಗೂ ಹೆಚ್ಚು ಕೊಡುತ್ತದೆ. ಕೊಬ್ಬು ಇದ್ದಲ್ಲೇ ಇರುವುದರಿಂದ, ಗ್ರಾಂಗೆ 9 ಕ್ಯಾಲರಿಯಂತೆ ಅದರ ಲೆಕ್ಕ ಕರಗುವುದಿಲ್ಲ. ಇನ್ನೊಂದು ಎಚ್ಚರಿಕೆ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿತ್ತು: ಹೊಟ್ಟೆ ಸಡಿಲವಾದೀತು ಎಂದು. ಅದನ್ನು ಓದಿದ್ದು ಮಂಗಳವಾರ ರಾತ್ರಿ, ಮನೆಗೆ ಬಂದ ಮೇಲೆ. ಅಂದು ಸಂಜೆ ಕೊರ್ತಿ-ಕೊಲ್ಹಾರ ಸೇತುವೆ ಎಷ್ಟು ಉದ್ದ ಎಂಬುದು ನನಗೆ ಮೊದಲ ಬಾರಿ ತಿಳಿದಿತ್ತು. ಹಸಿವಿನ ಮಾತು ಹಾಗಿರಲಿ.

ಐದನೆಯದು ಕಪ್ಪು ಚಾಕಲೇಟ್. ಇಲ್ಲಿ ಮೊದಲಿಗೆ ಮೋಸಹೋದೆ. ‘ಡಾರ್ಕ್’ ಎಂದು ಮುಂದೆ ಬರೆದಿತ್ತು. ಹಿಂದೆ ನೋಡಿದರೆ ಸಾಮಗ್ರಿಗಳಲ್ಲಿ ಮೊದಲನೆಯದು ಸಕ್ಕರೆ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು ಎಂಬುದು ನಿಯಮ. ಹಾಗಾಗಿ ಮೊದಲ ಹೆಸರು ಯಾವುದೋ ಅದರದ್ದೇ ಯಜಮಾನಿಕೆ. ಕೋಕೋ ಶೇಕಡಾ 50 ಎಂದಿದ್ದರೆ ಉಳಿದ ಅರ್ಧ ಹೆಚ್ಚುಕಡಿಮೆ ಸಕ್ಕರೆಯೇ, ಹಾಲಿನ ಚಾಕಲೇಟಿನ ಸಮಕ್ಕೆ. ಆಮೇಲೆ 70ರದ್ದು ತಂದೆ. ಸಕ್ಕರೆ 30ರೊಳಗೆ, ನಾರು ಹತ್ತು ಗ್ರಾಂ ಆಸುಪಾಸು, ಹೊದಿಕೆಯಲ್ಲಿ ಬರೆಯದಿದ್ದರೂ ಮೆಗ್ನೀಷಿಯಂ 200 ಮಿಲಿಗ್ರಾಂಗೂ ಹೆಚ್ಚು. ಕಬ್ಬಿಣವೂ ಹತ್ತು ಮಿಲಿಗ್ರಾಂ ದಾಟುತ್ತದೆ, ಆದರೆ ಕೋಕೋದ ಒಗರು ಅದನ್ನು ಪೂರ್ತಿ ಮೈಗೆ ಹತ್ತಗೊಡುವುದಿಲ್ಲ. ರಕ್ತಹೀನತೆಗೆ ಚಾಕಲೇಟ್ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಯಾಲರಿ ಕಡಿಮೆ ಎಂದುಕೊಂಡವರಿಗೂ ನಿರಾಸೆಯೇ: 100 ಗ್ರಾಂಗೆ 600ರ ಹತ್ತಿರ, ಹಾಲಿನದಕ್ಕಿಂತ ಹೆಚ್ಚು, ಏಕೆಂದರೆ ಕೊಬ್ಬು 40 ಗ್ರಾಂ ದಾಟಿದೆ.

ಆದರೂ ಅದೇ ಕೊಬ್ಬು ಮತ್ತು ಒಗರಿನಿಂದ 40 ಗ್ರಾಂ ಒಮ್ಮೆಗೇ ತಿನ್ನಲು ಆಗಲಿಲ್ಲ. ಅರ್ಧ ತಿಂದು ಮಡಚಿಟ್ಟೆ. ಅಷ್ಟಕ್ಕೇ ಬೀಳಗಿ ಕ್ರಾಸ್ ದಾಟಿತು. ಮಡಚಿಟ್ಟದ್ದು ಕರಗಿ, ಮತ್ತೆ ಗಟ್ಟಿಯಾಗಿ ಮೇಲೆಲ್ಲ ಬೂದಿಯಂಥ ಬಿಳುಪು ಬಂತು. ಮಗಳು ಬೂಸ್ಟು ಹಿಡಿದಿದೆ ಎಂದು ಎಸೆಯಹೊರಟಳು. ಅದು ಕೋಕೋ ಬೆಣ್ಣೆ ಮೇಲೆದ್ದದ್ದು, ತಿಂದರೆ ಏನೂ ಆಗುವುದಿಲ್ಲ.

ಆರನೆಯ ವಾರ ಅತ್ತೆಯವರ ಒತ್ತಾಯಕ್ಕೆ ಚಾಕಲೇಟೇ ಅಲ್ಲದ್ದು, ಶೇಂಗಾ. ಅಂಗಡಿಯ ಚಿಕ್ಕಿಯಲ್ಲಿ ಶೇಂಗಾ, ಬೆಲ್ಲ ಸಮಸಮ ಎಂದು ಹಿಡಿದರೆ 40 ಗ್ರಾಂಗೆ 20 ಗ್ರಾಂ ಬೆಲ್ಲ. ಹಾಲಿನ ಚಾಕಲೇಟಿನ ಸಕ್ಕರೆಯ ಲೆಕ್ಕಕ್ಕೆ ಸರಿಸುಮಾರು ಬಂದು ನಿಂತಿತು! ಇದನ್ನು ಹೇಳಿದಾಗ ಅತ್ತೆಯವರು, “ಮಹಾಲಿಂಗಪುರದ ಬೆಲ್ಲಕ್ಕೂ ಸಕ್ಕರೆಗೂ ಒಂದೇ ಲೆಕ್ಕವೇನವ್ವಾ?” ಎಂದು ಸಿಟ್ಟಾದರು. ರಕ್ತಕ್ಕೆ ಹೆಚ್ಚುಕಡಿಮೆ ಒಂದೇ ಲೆಕ್ಕ, ಏನು ಮಾಡುವುದು. ಮರುದಿನ ಅವರೇ ಎರಡು ಪಾಲು ಶೇಂಗಾಕ್ಕೆ ಒಂದೇ ಪಾಲು ಬೆಲ್ಲ ಹಾಕಿ ಕುಟ್ಟಿ ಉಂಡಿ ಕಟ್ಟಿದರು. 40 ಗ್ರಾಂಗೆ 200 ಕ್ಯಾಲರಿ, ಬೆಲ್ಲ 13 ಗ್ರಾಂ, ಪ್ರೋಟೀನ್ ಏಳು ಗ್ರಾಂ, ಅಂದರೆ ಹಾಲಿನ ಚಾಕಲೇಟಿನ ಇಮ್ಮಡಿಗೂ ಹೆಚ್ಚು. ಗದ್ದನಕೇರಿ ಕ್ರಾಸ್ ಬಂದರೂ ಹಸಿವಿನ ಸುಳಿವಿಲ್ಲ. ಮನೆಗೆ ಬಂದು ಒಂದು ರೊಟ್ಟಿ ಕಡಿಮೆ ತಿಂದೆ.

ಅಮೀನಗಡದ ಕರದಂಟನ್ನು ಯಾಕೆ ಸೇರಿಸಲಿಲ್ಲ ಎಂದು ಕಚೇರಿಯಲ್ಲಿ ಕೇಳಿದರು. ಅಂಟು, ಕೊಬ್ಬರಿ, ಗೋಡಂಬಿ, ಬೆಲ್ಲದ ಅಳತೆ ಅಂಗಡಿಗೊಂದು, ಲೆಕ್ಕ ಹಿಡಿಯಲು ಆಗುವುದಿಲ್ಲ. ನಿಜ ಹೇಳಬೇಕೆಂದರೆ 40 ಗ್ರಾಂಗೆ ನಿಲ್ಲಿಸುವ ನಂಬಿಕೆಯೂ ನನಗೆ ಇರಲಿಲ್ಲ.

ಈಗ ವಾರದಲ್ಲಿ ನಾಲ್ಕು ದಿನ ಉಂಡಿ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಚೀಲದಲ್ಲಿ ಕರಗದ ಕಾಲಕ್ಕೆ ಮಾತ್ರ, ಉಳಿದ ದಿನ 70ರ ಕಪ್ಪು ಚಾಕಲೇಟ್ 20 ಗ್ರಾಂ. ಸಕ್ಕರೆರಹಿತದ್ದು ಇನ್ನೂ ಮುಕ್ಕಾಲು ಪಾಲು ಫ್ರಿಜ್ಜಿನಲ್ಲಿದೆ. ಮೈದುನ ಮೊನ್ನೆ ಅದನ್ನು ನೋಡಿ, “ವೈನಿ, ಇದನ್ನು ಯಾರೂ ತಿನ್ನುವುದಿಲ್ಲವೇ?” ಎಂದು ಕೇಳಿದ. ತಕ್ಕಡಿಯ ಮುನಿಸು ಇನ್ನೂ ಇಳಿಯದವನಿಗೆ ಸಣ್ಣ ಅಕ್ಷರಗಳನ್ನು ಓದಿ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.