ಹಳೇ ರೇಸಿಂಗ್ ಕಾರ್ಟ್ ಕೊಳ್ಳೋರು ಎಂಜಿನ್ ಮೇಲಿನ ಹೆಸರು ನಂಬಬೇಡಿ

ಕಲಬುರಗಿ ಕಡೆ ಹಳೇ ಗಾಡಿಗಳ ಹುಚ್ಚು ಇರುವವರು ದಯವಿಟ್ಟು ಇದನ್ನು ಓದಿ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ರೇಸಿಂಗ್ ಕಾರ್ಟ್, ಅಂದ್ರೆ ಒಬ್ಬರೇ ಕೂತು ಓಡಿಸುವ ಪುಟ್ಟ ರೇಸ್ ಗಾಡಿ, ಮಾರಾಟಕ್ಕಿತ್ತು. "1961ರ ಅಮೆರಿಕಾ ಮಾಲ್ ಅದ ಸರ, ಎಂಜಿನ್ ಮ್ಯಾಲ ಹೆಸರು ನೀವೇ ನೋಡ್ರಿ" ಅಂದರು. ಹೆಸರು ಇತ್ತು: ಮೆಕಲಕ್. 40,000 ರೂಪಾಯಿ ಮುಂಗಡ ಕೊಟ್ಟೆ. ಅದು ಇನ್ನೂ ವಾಪಸ್ ಬಂದಿಲ್ಲ.

ಮಜಾ ಏನಂದ್ರೆ, ಎಂಜಿನ್ ಅಸಲಿಯೇ. ಮೆಕಲಕ್ ಮರ ಕೊಯ್ಯುವ ಚೈನ್‌ಸಾ ಮಾಡುತ್ತಿದ್ದ ಕಂಪನಿ, 1959ರಲ್ಲಿ ಕಾರ್ಟ್‌ಗಳಿಗೆ ಅಂತಲೇ ಎಂಸಿ-10 ಎಂಜಿನ್ ತಂದಿತು. ಆದರೆ ಕಾರ್ಟಿಗೂ ಎಂಜಿನ್ನಿಗೂ ಇರೋದು ನಾಲ್ಕು ಬೋಲ್ಟಿನ ಸಂಬಂಧ. ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಕೂರಿಸೋದು ಮೊದಲಿಂದಲೂ ಮಾಮೂಲು. ಇಸವಿ ತಿಳಿಯಬೇಕಾದ್ರೆ ಫ್ರೇಮನ್ನೇ ನೋಡಬೇಕು.

ಗುಟ್ಟು ಬಯಲಾಗಿದ್ದು ಹಿಂದಿನ ಆಕ್ಸಲ್‌ನಲ್ಲಿ. ಲೇತ್ ಕೆಲಸದ ಪರಿಚಯದ ಟರ್ನರ್ ಒಬ್ಬರು ದಪ್ಪ ಅಳೆಯುವ ವರ್ನಿಯರ್ ಹಿಡಿದರು. ಸರಿಯಾಗಿ 25 ಮಿ.ಮೀ. ಆ ಕಾಲದ ಅಮೆರಿಕದ್ದಾದರೆ ಅಂಗುಲದ ಲೆಕ್ಕ, ಒಂದಂಗುಲ ಅಂದ್ರೆ 25.4. ಗ್ರೀಸ್ ಒರೆಸಿದರೆ ಆಕ್ಸಲ್ ಕೂರುವ ಬೇರಿಂಗ್ ಮೇಲೆ ಯುಸಿ205 ಅಂತ ಕಂಡಿತು, ಅಂದ್ರೆ 25 ಮಿ.ಮೀ. ತೂತಿನದು. ಒಂದಂಗುಲದ್ದಾಗಿದ್ದರೆ ಯುಸಿ205-16 ಅಂತಿರಬೇಕಿತ್ತು. "ಬೇರಿಂಗ್ ಬದ್ಲಿ ಮಾಡೇವ್ರಿ" ಅಂದರು. ಆಯ್ತಪ್ಪ, ಆಕ್ಸಲ್ ಹೇಗೆ ಸಣ್ಣಗಾಯ್ತು? ಉತ್ತರ ಇಲ್ಲ. ಬೋಲ್ಟ್ ತಲೆ ಮೇಲೂ 8.8 ಅಂತ ಮೆಟ್ರಿಕ್ ಗುರುತು. ಅಮೆರಿಕದ ಬೋಲ್ಟಿಗಾದರೆ ಗಟ್ಟಿತನ ತೋರಿಸುವ ಗೆರೆ, ಗ್ರೇಡ್ 5ಕ್ಕೆ ಮೂರು, ಗ್ರೇಡ್ 8ಕ್ಕೆ ಆರು. ಬೋಲ್ಟ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಮತ್ತೆ, ಅದನ್ನು ಯಾರು ಬೇಕಾದ್ರೂ ಬದಲಿಸಿರಬಹುದು.

ಕೊನೆಗೆ ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದರೆ ರ‍್ಯಾಕ್ ಅಂಡ್ ಪಿನಿಯನ್, ಅಂದ್ರೆ ಕಾರಿನಲ್ಲಿರುವಂಥ ಹಲ್ಲಿನ ಪಟ್ಟಿ ಮತ್ತು ಗೇರ್! ರೇಸಿಂಗ್ ಕಾರ್ಟಿನಲ್ಲಿ ಸ್ಟೀರಿಂಗ್ ರಾಡಿನ ತುದಿಯಿಂದ ನೇರವಾಗಿ ಟೈ ರಾಡ್ ಅನ್ನೋ ಕಂಬಿ ಚಕ್ರಕ್ಕೆ ಹೋಗುತ್ತೆ, ನಡುವೆ ಗೇರ್ ಇರಲ್ಲ. ರ‍್ಯಾಕ್ ಹಾಕೋದು ನಮ್ಮ ಎಂಜಿನಿಯರಿಂಗ್ ಹುಡುಗರು, ಪ್ರಾಜೆಕ್ಟಿಗೆ ಕಾರ್ಟ್ ಕಟ್ಟುವಾಗ. ಬಣ್ಣ ಕೆರೆದಾಗ ಬೇರೆ ಎಂಜಿನ್ ಕೂರಿಸಿದ್ದ ತೂತುಗಳೂ ಸಿಕ್ಕವು, ಲಪ್ಪ ತುಂಬಿ ಮುಚ್ಚಿದ್ದರು. ಪಾಪ, ಯಾವ ಹುಡುಗರು ರಾತ್ರಿಯೆಲ್ಲ ಕೂತು ವೆಲ್ಡ್ ಮಾಡಿದ್ದೋ.

ಮುಂಗಡ ಕೊಡೋದಾದ್ರೆ ರಸೀದಿಯಲ್ಲಿ ಕಂಪನಿ ಹೆಸರು, ಇಸವಿ ಎರಡನ್ನೂ ಬರೆಸಿಕೊಳ್ಳಿ. ನನ್ನ ರಸೀದಿಯಲ್ಲಿ ಸುಮ್ನೆ "ಕಾರ್ಟ್ ಒಂದು" ಅಂತಿದೆ, ಈಗ ಅದನ್ನೇ ತೋರಿಸಿ ಜಾರಿಕೊಳ್ಳುತ್ತಿದ್ದಾರೆ. ಬರೆಯಲು ಒಪ್ಪದಿದ್ದರೆ ಅಲ್ಲಿಂದ ಹೊರಡಿ.

ಅದೇ ಕಾರ್ಟ್ ಈಗ ಕೆಂಪು ಬಣ್ಣ ಹಚ್ಚಿಕೊಂಡು ಬೀದರ್ ಕಡೆ ಮಾರಾಟಕ್ಕಿದೆ. ಈ ಸಲ "ಇಟಲಿ ಮಾಲ್" ಅಂತೆ. ಇಟಲಿಯದು ಅಂದ್ರೆ ಮೆಟ್ರಿಕ್ ಅಳತೆ ಸರಿಹೋಗುತ್ತೆ, ಹಾಗಾಗಿ ವರ್ನಿಯರ್ ಸಾಲದು. ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿ.