ಹಲ್ಲಿನ ಕ್ಲಿನಿಕ್‌ಗೆ ಗೂಗಲ್ ಪ್ರೊಫೈಲ್, ವಾಟ್ಸಾಪ್ ಬಿಸಿನೆಸ್: ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ?

ದಾವಣಗೆರೆಯಂಥ, ಎರಡು ಡೆಂಟಲ್ ಕಾಲೇಜುಗಳಿರುವ ಊರಿನಲ್ಲಿ ಹಲ್ಲಿನ ಡಾಕ್ಟರ ಬೋರ್ಡುಗಳಿಗೇನೂ ಬರವಿಲ್ಲ. ರಾತ್ರಿಯೆಲ್ಲ ದವಡೆ ಹಿಡಿದು ಕೂತವರು ಬೆಳಿಗ್ಗೆ ಯಾರ ಮೆಟ್ಟಿಲು ಹತ್ತಬೇಕು ಅನ್ನುವುದನ್ನು ಈಗ ಹೆಚ್ಚಾಗಿ ಫೋನಿನಲ್ಲೇ ತೀರ್ಮಾನಿಸುತ್ತಾರೆ. ಇದು ಗೊತ್ತಿದ್ದೇ ‘ಗೂಗಲ್‌ನಲ್ಲಿ ಮೊದಲನೇ ಜಾಗ ಕೊಡಿಸುತ್ತೇವೆ’ ಎನ್ನುವ ಏಜೆನ್ಸಿಗಳು ಕ್ಲಿನಿಕ್‌ಗಳಿಗೆ ಎಡತಾಕುತ್ತವೆ. ಒಂದೆರಡು ಚೇರ್ ಇರುವ ಕ್ಲಿನಿಕ್‌ಗೆ ಆ ಖರ್ಚು ಬೇಡ. ಗೂಗಲ್ ಹುಡುಕಾಟ, ನಕ್ಷೆಗಳಲ್ಲಿ ಕ್ಲಿನಿಕ್‌ನ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಮತ್ತು ವ್ಯವಹಾರಕ್ಕೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು, ಎರಡೂ ಪುಕ್ಕಟೆ. ಮೊದಲನೆಯದು ಹೊಸಬರನ್ನು ಬಾಗಿಲವರೆಗೆ ತರುತ್ತದೆ, ಬಂದವರು ಮತ್ತೆ ಬರುವಂತೆ ಮಾಡುವುದು ಎರಡನೆಯದು. ಹೆಚ್ಚಿನವರು ಮೊದಲನೆಯದರ ಮೇಲೆ ದುಡ್ಡು ಸುರಿದು ಎರಡನೆಯದನ್ನು ಮರೆಯುತ್ತಾರೆ.

ಹುಡುಕಿದ ಪದಕ್ಕೆ ಹೊಂದಿಕೆ, ದೂರ, ಹೆಸರುವಾಸಿ ಈ ಮೂರನ್ನು ನೋಡಿ ಗೂಗಲ್ ಕ್ಲಿನಿಕ್‌ಗಳನ್ನು ಮೇಲೆ ಕೆಳಗೆ ಮಾಡುತ್ತದೆ. ನಕ್ಷೆಯ ಪಟ್ಟಿಯಲ್ಲಿ ಮೇಲಿನ ಸ್ಥಾನ ದುಡ್ಡಿಗೆ ಸಿಗುವುದಿಲ್ಲ ಎಂದು ಗೂಗಲ್ಲೇ ಹೇಳಿದೆ, ಜಾಹೀರಾತು ಎಂದು ಗುರುತು ಹಾಕಿ ತೋರಿಸುವುದು ಬೇರೆ ಮಾತು. ದೂರ ನಮ್ಮ ಕೈಯಲ್ಲಿಲ್ಲ. ಹೊಂದಿಕೆ ಮಾತ್ರ ಪೂರ್ತಿ ನಮ್ಮದೇ. ಮುಖ್ಯ ವರ್ಗವಾಗಿ ‘ಡೆಂಟಲ್ ಕ್ಲಿನಿಕ್’ ಅಥವಾ ‘ಡೆಂಟಿಸ್ಟ್’ ಆರಿಸಿ. ಅದರ ಜೊತೆಗೆ ಇನ್ನೂ 9 ವರ್ಗ ಸೇರಿಸಬಹುದು. ಆದರೆ ಕ್ಲಿಪ್ ಹಾಕುವ ಎಂಡಿಎಸ್ ಡಾಕ್ಟರು ವಾರಕ್ಕೊಮ್ಮೆಯಾದರೂ ಬರದೆ ‘ಆರ್ಥೊಡಾಂಟಿಸ್ಟ್’ ಎಂದು ಹಾಕಿದರೆ, ಕೇಳಿಕೊಂಡು ಬಂದವರು ಬೈದುಕೊಂಡೇ ವಾಪಸ್ ಹೋಗುತ್ತಾರೆ.

ವಿವರಣೆಗೆ 750 ಅಕ್ಷರಗಳ ಮಿತಿ ಇದೆ. ಅಲ್ಲಿ ‘ಅತ್ಯಾಧುನಿಕ’, ‘ವಿಶ್ವದರ್ಜೆ’ ಬರೆಯುವುದು ಜಾಗ ದಂಡ. ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ, ಯಾವ ಮೆಡಿಕಲ್ ಶಾಪಿನ ಮೇಲೆ, ವಯಸ್ಸಾದವರಿಗೆ ಲಿಫ್ಟ್ ಇದೆಯೇ, ಭಾನುವಾರ ತೆರೆದಿರುತ್ತದೆಯೇ? ಇಷ್ಟು ಕನ್ನಡದಲ್ಲೂ ಬರೆದರೆ ಸಾಕು. ಕ್ಲಿನಿಕ್ ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರಷ್ಟೇ ಇರಲಿ. ‘ಬೆಸ್ಟ್ ರೂಟ್ ಕೆನಾಲ್ ಇಂಪ್ಲಾಂಟ್’ ಎಂದೆಲ್ಲ ಬಾಲ ಜೋಡಿಸಿದರೆ ಪ್ರೊಫೈಲ್ ಅಮಾನತಾಗಬಹುದು, ಬಿಡಿಸಿಕೊಳ್ಳಲು ಮನವಿ ಸಲ್ಲಿಸಿ ಕಾಯಬೇಕು.

ಕ್ಲಿನಿಕ್ ನಿಜವಾಗಿ ಇದೆಯೇ ಎಂಬ ಪರಿಶೀಲನೆಗೆ ಗೂಗಲ್‌ನವರು ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ಎಡಿಟ್ ಮಾಡದ ಒಂದೇ ಓಟದ ವಿಡಿಯೊದಲ್ಲಿ ರಸ್ತೆ ಮತ್ತು ಅಕ್ಕಪಕ್ಕದ ಅಂಗಡಿ, ಬೋರ್ಡು, ಬೀಗ ತೆಗೆಯುವುದು, ಒಳಗಿನ ಚೇರ್ ಕಾಣಬೇಕು. ರೋಗಿಗಳ ಮುಖ ಬರಬಾರದು. ಬೋರ್ಡಿನ ಹೆಸರಿಗೂ ಪ್ರೊಫೈಲ್ ಹೆಸರಿಗೂ ತಾಳೆಯಾಗದಿದ್ದರೆ ತಿರಸ್ಕಾರವಾಗಬಹುದು.

ಇನ್ನೊಂದು ತಲೆನೋವು ಒಡೆತನದ್ದು. ಪ್ರೊಫೈಲನ್ನು ಏಜೆನ್ಸಿಯ ಹುಡುಗ ತನ್ನ ಜಿಮೇಲ್‌ನಿಂದ ತೆರೆದಿರುತ್ತಾನೆ, ಒಪ್ಪಂದ ಮುರಿದ ದಿನ ಕೀಲಿಕೈ ಅವನ ಜೇಬಿನಲ್ಲಿ. ಪ್ರವೇಶ ಕೋರಿ ಅರ್ಜಿ ಹಾಕಬಹುದು, ಉತ್ತರಿಸಲು ಅವನಿಗೆ 3 ದಿನ ಗಡುವು ಇರುತ್ತದೆ. ಅದಕ್ಕಿಂತ ಮೊದಲೇ ಡಾಕ್ಟರ ಜಿಮೇಲ್ ಅನ್ನು ಮಾಲೀಕನ ಸ್ಥಾನದಲ್ಲಿಟ್ಟು, ಉಳಿದವರಿಗೆ ಮ್ಯಾನೇಜರ್ ಹಕ್ಕು ಮಾತ್ರ ಕೊಡುವುದು ಒಳ್ಳೆಯದು.

ರಿವ್ಯೂ ವಿಷಯದಲ್ಲಿ ಎಡವುವವರೇ ಹೆಚ್ಚು. ರಿವ್ಯೂ ಬರೆದರೆ ಕ್ಲೀನಿಂಗ್ ಫ್ರೀ ಎನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಖುಷಿಯಾದವರನ್ನಷ್ಟೇ ಆರಿಸಿ ಕೇಳುವುದೂ ಹಾಗೆಯೇ. ಬಿಲ್ ಕೊಡುವಾಗ ಎಲ್ಲರಿಗೂ ಕ್ಯೂಆರ್ ಕೋಡ್ ತೋರಿಸಿ, ಮನೆಗೆ ಹೋಗಿ ಅವರ ಫೋನಿನಿಂದಲೇ ಬರೆಯಲಿ. ಕೆಟ್ಟ ರಿವ್ಯೂ ಬಂದಾಗ ‘ನಿಮ್ಮ ಬಲಗಡೆ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿ ಅಂದಿದ್ದೆವು, ನೀವೇ ಬರಲಿಲ್ಲ’ ಎಂದು ಉತ್ತರಿಸಿದರೆ ರೋಗಿಯ ಗುಟ್ಟು ಊರಿಗೆಲ್ಲ ಸಾರಿದ ಹಾಗೆ. ‘ನಿಮಗೆ ತೊಂದರೆಯಾಗಿದ್ದಕ್ಕೆ ವಿಷಾದ, ಕ್ಲಿನಿಕ್ ನಂಬರ್‌ಗೆ ಒಮ್ಮೆ ಫೋನ್ ಮಾಡಿ’ ಎನ್ನುವುದಕ್ಕಿಂತ ಹೆಚ್ಚು ಬೇಡ. ಜಗಳ ಗೆದ್ದವರನ್ನು ನೋಡಿ ಯಾರೂ ಹಲ್ಲು ತೋರಿಸಲು ಬರುವುದಿಲ್ಲ.

ಇದರ ಮೇಲೆ ವೃತ್ತಿಯ ಕಟ್ಟುಪಾಡೂ ಇದೆ. ಡೆಂಟಲ್ ಕೌನ್ಸಿಲ್‌ನ 2014ರ ನೀತಿಸಂಹಿತೆ ರೋಗಿಗಳನ್ನು ಸೆಳೆಯುವ ಜಾಹೀರಾತಿಗೆ ಮೂಗುದಾರ ಹಾಕಿದೆ. ಕ್ಲಿನಿಕ್ ಆರಂಭ, ವಿಳಾಸ ಬದಲಾವಣೆ, ಕೆಲ ದಿನ ಇರುವುದಿಲ್ಲ ಎಂಬಂಥ ಪ್ರಕಟಣೆಗೆ ಅವಕಾಶವಿದೆ. ಅದಕ್ಕೇ ಪ್ರೊಫೈಲಿನ ಪೋಸ್ಟ್‌ಗಳಲ್ಲಿ ‘ನೂರಕ್ಕೆ ನೂರು ನೋವಿಲ್ಲ’, ‘ಯುಗಾದಿ ಧಮಾಕಾ’ ಬೇಡ. ಯುಗಾದಿಗೆ ಕ್ಲಿನಿಕ್ ರಜೆಯಿದ್ದರೆ ಪ್ರೊಫೈಲಿನ ‘ವಿಶೇಷ ಸಮಯ’ ಎಂಬ ಜಾಗದಲ್ಲಿ ಅದನ್ನು ನಮೂದಿಸಿದರೆ ಹೆಚ್ಚು ಉಪಕಾರ. ಮುಚ್ಚಿದ ಬಾಗಿಲು ನೋಡಿ ಹೋದವರು ಒಂದು ಸ್ಟಾರ್ ಕೊಟ್ಟೇ ಹೋಗುತ್ತಾರೆ.

ಇನ್ನು ವಾಟ್ಸಾಪ್ ಬಿಸಿನೆಸ್. ಇದರ ನಿಜವಾದ ಬೆಲೆ ಗೊತ್ತಾಗುವುದು ರೂಟ್ ಕೆನಾಲ್‌ನಲ್ಲಿ. ಮೊದಲ ಸಿಟಿಂಗ್‌ನಲ್ಲಿ ನೋವು ನಿಂತರೆ ಎಷ್ಟೋ ಜನ ಎರಡನೆಯದಕ್ಕೆ ಉದಾಸೀನ ಮಾಡುತ್ತಾರೆ. ಮೇಲಿನ ತಾತ್ಕಾಲಿಕ ಫಿಲ್ಲಿಂಗ್ ಸವೆದು ಎಂಜಲು ಒಳಗಿಳಿಯುತ್ತದೆ, ಮತ್ತೆ ಕೀವು. ಪೂರ್ತಿ ಮಾಡಿಸಿಕೊಂಡವರೂ ಕ್ಯಾಪ್ ಮುಂದೂಡಿ ಚಕ್ಕುಲಿ ಕಡಿಯುವಾಗ ಹಲ್ಲು ಸೀಳಿಸಿಕೊಂಡು ಬರುತ್ತಾರೆ. ಬೈಗುಳ ಮಾತ್ರ ಡಾಕ್ಟರಿಗೆ.

ಆ್ಯಪ್‌ನ ಲೇಬಲ್‌ಗಳು, ಅಂದರೆ ಚಾಟ್‌ಗಳನ್ನು ಗುಂಪು ಮಾಡಲು ಅಂಟಿಸುವ ಚೀಟಿಗಳು, ಇಲ್ಲಿ ಉಪಯೋಗಕ್ಕೆ ಬರುತ್ತವೆ. ‘ಎರಡನೇ ಸಿಟಿಂಗ್ ಬಾಕಿ’, ‘ಕ್ಯಾಪ್ ಬಾಕಿ’, ‘ಕ್ಲಿಪ್’, ‘ಆರು ತಿಂಗಳ ಚೆಕಪ್’, ‘ರೇಟ್ ಕೇಳಿದವರು’, ಇಷ್ಟು ಸಾಕು. 15 ಲೇಬಲ್ ಮಾಡಿದರೆ ರಿಸೆಪ್ಶನ್ ಹುಡುಗಿ ಎರಡೇ ವಾರಕ್ಕೆ ಕೈಬಿಡುತ್ತಾಳೆ. ಪ್ರತಿ ಲೇಬಲ್‌ಗೊಂದು ಕ್ವಿಕ್ ರಿಪ್ಲೈ (ಮತ್ತೆ ಮತ್ತೆ ಕಳಿಸಲು ಮೊದಲೇ ಸಿದ್ಧವಿಡುವ ಸಂದೇಶ) ಬರೆದಿಡಿ: ‘ನಮಸ್ಕಾರ ಅಮ್ಮಾ, ನೋವು ಹೋಯ್ತು ಅಂತ ಸುಮ್ಮನಾಗಬೇಡಿ. ಮೇಲೆ ಹಾಕಿರೋದು ತಾತ್ಕಾಲಿಕ ಸಿಮೆಂಟ್. ಗುರುವಾರ ಸಂಜೆ 5ಕ್ಕಾ, ಶನಿವಾರ ಬೆಳಿಗ್ಗೆ 11ಕ್ಕಾ, ಯಾವುದು ಅನುಕೂಲ?’ ‘ಯಾವಾಗ ಬರ್ತೀರಿ’ ಎಂದು ಕೇಳಿದರೆ ‘ನೋಡೋಣ’ ಅನ್ನುವ ಉತ್ತರ ಬರುತ್ತದೆ. ಎರಡು ಸಮಯ ಮುಂದಿಟ್ಟರೆ ಒಂದನ್ನು ಆರಿಸುತ್ತಾರೆ.

ಕೊರತೆಯೂ ಇದೆ. ಲೇಬಲ್‌ಗೆ ದಿನಾಂಕ ಅಂಟುವುದಿಲ್ಲ, ಒಬ್ಬೊಬ್ಬರ ಅವಧಿ ಲೆಕ್ಕ ಹಾಕಿ ಆ್ಯಪ್ ತಾನಾಗಿ ನೆನಪಿಸುವುದೂ ಇಲ್ಲ. ಪಕ್ಕದಲ್ಲೊಂದು ಗೂಗಲ್ ಕ್ಯಾಲೆಂಡರ್ ಅಥವಾ ತಿಂಗಳುವಾರು ಹಾಳೆಯ ರಿಜಿಸ್ಟರ್ ಇಡಲೇಬೇಕು. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ಕ್ಲಿನಿಕ್ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಮೊದಲ ಭೇಟಿಯಲ್ಲೇ ಸೇವ್ ಮಾಡಿಸಿ, ಸಂದೇಶ ಕಳಿಸಲು ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಎಲ್ಲಿಂದಲೋ ಕೊಂಡ ನಂಬರ್ ಪಟ್ಟಿಗೆ ಹಬ್ಬದ ಶುಭಾಶಯ ಕಳಿಸಿದರೆ ಸ್ಪ್ಯಾಮ್ ದೂರು ಬಿದ್ದು ನಂಬರ್ ಬ್ಲಾಕ್ ಆಗಬಹುದು. ಬೋರ್ಡು, ಬಿಲ್ಲು, ಕಾರ್ಡಿನ ಮೇಲೆಲ್ಲ ಇರುವುದು ಅದೇ ನಂಬರ್ ಆದರೆ ಪೀಕಲಾಟ.

ಎನ್‌ಐಟಿಕೆ ಸುರತ್ಕಲ್‌ನಲ್ಲಿ ಓದಿದ ಇಬ್ಬರು 2008ರಲ್ಲಿ ಶುರುಮಾಡಿದ, ಡಾಕ್ಟರನ್ನು ಹುಡುಕಿ ಅಪಾಯಿಂಟ್‌ಮೆಂಟ್ ಪಡೆಯುವ ಪ್ರಾಕ್ಟೊ ಆ್ಯಪ್ ಬೆಂಗಳೂರಿನ ಕ್ಲಿನಿಕ್‌ಗಳಿಗೆ ಮೂರನೆಯ ದಾರಿಯಾಗಬಹುದು. ಸಣ್ಣ ಊರಿನಲ್ಲಿ ಪ್ರೊಫೈಲ್ ಮಾಡಿಟ್ಟರೆ ಸಾಕು, ದುಡ್ಡು ಕಟ್ಟುವ ಯೋಜನೆಗೆ ಅವಸರ ಬೇಡ. ಬೇರೆ ಸಾಫ್ಟ್‌ವೇರ್‌ಗೆ ಜೋಡಿಸಿ ಸಂದೇಶ ಕಳಿಸುವ, ದುಡ್ಡು ಕೊಟ್ಟು ಬಳಸುವ ವಾಟ್ಸಾಪ್ ಆವೃತ್ತಿಯಾದ ಎಪಿಐ ಕೂಡ ಮೂರ್ನಾಲ್ಕು ಶಾಖೆ ಇದ್ದು, ರಿಜಿಸ್ಟರ್ ಹಿಡಿದು ಫೋನ್ ಮಾಡಲು ಕೈ ಸಾಲದೆ ಹೋದಾಗ ನೋಡಬೇಕಾದ್ದು.

ಗೂಗಲ್ ಪ್ರೊಫೈಲ್ ಎಷ್ಟು ಕರೆ ಬಂತು, ಎಷ್ಟು ಜನ ದಾರಿ ಕೇಳಿದರು ಅನ್ನುವುದನ್ನು ತೋರಿಸುತ್ತದೆ, ಚೇರ್ ಮೇಲೆ ಕೂತವರೆಷ್ಟು ಅನ್ನುವುದು ಅದಕ್ಕೆ ತಿಳಿಯದು. ಹೊಸ ರೋಗಿಯ ಫಾರ್ಮ್‌ನಲ್ಲಿ ‘ಯಾರು ಹೇಳಿದರು?’ ಎಂಬ ಒಂದು ಸಾಲು ಸೇರಿಸಿ ತಿಂಗಳ ಕೊನೆಗೆ ಎಣಿಸಿ. ಕರೆ ಜಾಸ್ತಿಯಿದ್ದೂ ಫಾರ್ಮ್‌ನಲ್ಲಿ ಗೂಗಲ್ ಹೆಸರು ಕಡಿಮೆಯಿದ್ದರೆ, ಮಧ್ಯಾಹ್ನ 1ರಿಂದ 4ರವರೆಗೆ ಕ್ಲಿನಿಕ್ ಫೋನ್ ಯಾರ ಕೈಯಲ್ಲಿರುತ್ತದೆ ಎಂದು ಮೊದಲು ವಿಚಾರಿಸಿ.